ನಾನು ಅರ್ಧಕ್ಕೆ ಇಳಿಸಿದ ದಾರಿ

"ಒಂದೂಕಾಲು ಕಿಲೋಮೀಟರ್ ನಡ್ಯಾಕ ಅರ್ಜಿ ಯಾಕ್ರಿ?"

ರೈಲ್ವೆ ಕಚೇರಿಯ ಸಾಹೇಬರು ಕಾಗದವನ್ನು ನನ್ನ ಕಡೆ ತಳ್ಳಿದರು. ನನ್ನ ಹಿಂದೆ ಹನ್ನೊಂದು ಹೆಂಗಸರು ಹೊಲದ ಕೆಲಸ ಬಿಟ್ಟು ಬಂದು ನಿಂತಿದ್ದರು.

ಅಣ್ಣಿಗೇರಿ ಕಡೆಯ ನಮ್ಮೂರಲ್ಲಿ ರೈಲ್ವೆ ಗೇಟ್ ಮುಚ್ಚಿದೆ. ಎದುರಿಗೇ ಕಾಣುವ ಹೊಲಕ್ಕೆ ಹೋಗಲು ಹಳಿಗುಂಟ ನಡೆದು, ಮುಂದಿನ ಸೇತುವೆಯ ಕೆಳಗೆ ದಾಟಿ, ಆಚೆಯಿಂದ ಮತ್ತೆ ಅಷ್ಟೇ ದೂರ ಹಿಂದಕ್ಕೆ ಬರಬೇಕು. ಕಾಲ್ನಡಿಗೆಯವರಿಗೆ ಒಂದು ಮೇಲ್ಸೇತುವೆ ಕೊಡಿ... ನಮ್ಮ ಬೇಡಿಕೆ ಇಷ್ಟೇ.

ಅರ್ಜಿ ಬರೆದವನು ನಾನು. ದೂರ ಬರೆದವನೂ ನಾನೇ.

ನನಗೊಂದು ಚಟ ಇದೆ. ಟ್ರೇನ್ ಸಿಮ್ಯುಲೇಟರ್ ಗೇಮ್‌ನಲ್ಲಿ ಹುಬ್ಬಳ್ಳಿ-ಗದಗ ಲೈನ್ ಕಟ್ಟುತ್ತಿದ್ದೇನೆ. ಸ್ಯಾಟಲೈಟ್ ನಕ್ಷೆ ನೋಡಿ, ಹಳಿ ಪಕ್ಕದ ಕಂಬಗಳ ನಂಬರ್ ಓದಿ, ಒಂದೊಂದು ತಿರುವನ್ನೂ ಅಳೆದವನು. ಅರ್ಜಿಗೆ ದೂರ ಬೇಕು ಎಂದಾಗ ಗೇಮ್ ತೆರೆದೆ, ಅದರ ಸ್ಕೇಲ್ ಎಳೆದೆ, ಬಂದ ಅಂಕಿ ಬರೆದುಬಿಟ್ಟೆ. ಎಂಥ ಠೀವಿ!

ವಾಪಸ್ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ಕಡಿಮೆ ಹೇಗೆ?

ಆಗ ಹೊಳೆಯಿತು... ಆಡುವವರಿಗೆ ಬೇಸರವಾಗುತ್ತದೆಂದು, ಸ್ಟೇಷನ್‌ಗಳನ್ನು ಮಾತ್ರ ಇದ್ದಷ್ಟೇ ಬಿಟ್ಟು, ನಡುವಿನ ದಾರಿಯನ್ನೆಲ್ಲ ಅರ್ಧಕ್ಕೆ ಇಳಿಸಿದ್ದೆ. ಬರೀ ಎರೆಹೊಲ, ನೋಡಲು ಏನೂ ಇಲ್ಲ ಎಂದು!

ಆ 'ಏನೂ ಇಲ್ಲ'ದಲ್ಲೇ ಇವರ ಕಾಲು ಸವೆಯುತ್ತಿರುವುದು. ಹೋರಾಟ, ಧರಣಿ ಎಂದು ಇಪ್ಪತ್ತು ವರ್ಷ ಅಧಿಕಾರಿಗಳ ಸುಳ್ಳು ಲೆಕ್ಕ ಬಯಲಿಗೆಳೆದವನು ನಾನು. ಈ ಸುಳ್ಳು ಬರೆದದ್ದು ನನ್ನದೇ ಪೆನ್ನು.

ಬಸ್ಸಿನಲ್ಲೇ ಒಪ್ಪಿಕೊಂಡೆ. ಎಲ್ಲರನ್ನೂ ಕಟ್ಟಿಕೊಂಡು ಬಂದಿದ್ದ ನೀಲವ್ವಕ್ಕ ನಕ್ಕುಬಿಟ್ಟಳು.

"ಆಟದಾಗ ನಮ್ಮ ದಾರಿ ಸಣ್ಣದು ಮಾಡಿದ್ಯಲ್ಲೋ ತಮ್ಮಾ, ಖರೇನ ಮಾಡಿದ್ರ ನಿನ್ನ ಕಾಲಿಗೆ ಬೀಳ್ತಿದ್ನಿ!"

ಬಾಜು ಸೀಟಿನ ಮಾಬೂಬಿ ಚಿಗವ್ವ ನಗಲಿಲ್ಲ. "ನಾಳಿ ಬುತ್ತಿಗಂಟು ಹೊತ್ಕೊಂಡು ನಮ್ಮ ಜೋಡಿ ನಡೀಲೇ. ಆಮ್ಯಾಲ ಬರಿ."

ನಡೆದೆ. ತಲೆಯ ಮೇಲೆ ಗಂಟು. ಅಳತೆ ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನೀಲವ್ವಕ್ಕನ ಕೈಯಲ್ಲಿ. ಹಸಿ ಎರೆಮಣ್ಣು ಚಪ್ಪಲಿಗೆ ಮೆತ್ತಿ, ಅರ್ಧ ದಾರಿಗೇ ಚಪ್ಪಲಿ ಕೈಗೆ ಬಂತು.

ಎರಡೂವರೆ ಕಿಲೋಮೀಟರ್. ಸಂಜೆ ಮತ್ತೆ ಅಷ್ಟೇ.

ಇವತ್ತು ಹೊಸ ಅರ್ಜಿ ಕೊಟ್ಟೆವು. ಸಾಹೇಬರು ಹಳೆಯದನ್ನೂ ತೆಗೆಸಿ ಪಕ್ಕಪಕ್ಕ ಇಟ್ಟರು.

"ಎರಡೂ ನಿಮ್ಮ ಅಕ್ಷರನ ಅದಾವಲ್ರಿ. ಯಾವುದನ್ನ ನಂಬೂದು?"

"ನನ್ನನ್ನ ನಂಬಬ್ಯಾಡ್ರಿ. ಒಮ್ಮೆ ನಡದು ನೋಡ್ರಿ," ಅಂದೆ.

"ನೋಡೂಣು," ಅಂದು ಎರಡನ್ನೂ ಒಂದೇ ಫೈಲಿಗೆ ಸೇರಿಸಿದರು.

ಅಲ್ಲಿಂದ ಬಂದಾಗಿನಿಂದ ಒಂದೇ ಪ್ರಶ್ನೆ ಕುಟುಕುತ್ತಿದೆ. ನನ್ನ ಅಂಕಿಯಿಂದಾಗಿ ಆ ಮೇಲ್ಸೇತುವೆ ಬಾರದೇ ಹೋದರೆ ನಾನು ಯಾರ ವಿರುದ್ಧ ಘೋಷಣೆ ಕೂಗಲಿ, ಹೇಳಿ?