ಕ್ಯಾಸೆಟ್ಟಿನ ಎರಡನೆಯ ಮಗ್ಗುಲು

ಮೇಷ್ಟ್ರೇ, ನೀವು ತಂದಿದ್ದ ಉಜ್ಬೆಕ್ ಅಜ್ಜಿಯ ಧ್ವನಿಯ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿರಲಿಲ್ಲ. ಅದನ್ನು ಅಳಿಸಿದವನು ನಾನು. ಅರ್ಧ ಅಳಿಸಿದೆ — ಉಳಿದರ್ಧವನ್ನು ಬಚ್ಚಿಟ್ಟೆ. ಮೂವತ್ತು ವರ್ಷವಾಯಿತು.

ನಿನ್ನೆ ನಿಮ್ಮ ಮಗಳು ಸುಮತಿ ಬಂದು ನಿಮ್ಮ ಹೊಸ ಪುಸ್ತಕದ ಕರಡು ಪುಟಗಳನ್ನು ಕೊಟ್ಟು ಹೋದಳು. ಮುನ್ನುಡಿಯಲ್ಲಿ ನನ್ನ ಹೆಸರಿದೆ, ತಪ್ಪಿದ್ದರೆ ತಿದ್ದಬೇಕಂತೆ. 'ನನ್ನ ಅಜಾಗರೂಕತೆಯಿಂದ ಒಂದು ಅಧ್ಯಾಯವೇ ಇಲ್ಲವಾಯಿತು. ಆ ಧ್ವನಿಯನ್ನು ಉಳಿಸಲು ಹೆಣಗಿದ ಗೆಳೆಯ ಚಂದ್ರುವಿಗೆ ಋಣಿ' ಎಂದು ಬರೆದಿದ್ದೀರಿ. ಪೆನ್ನು ಹಿಡಿದು ಕುಳಿತೆ. ಎಲ್ಲಿಂದ ತಿದ್ದಲಿ?

ರಾಜಾಜಿನಗರದ ನನ್ನ ಕ್ಯಾಸೆಟ್ ಅಂಗಡಿ ನೆನಪಿದೆಯಲ್ಲ — ಇಬ್ಬರು ನಿಂತರೆ ಮೂರನೆಯವರಿಗೆ ಫುಟ್‌ಪಾತೇ ಗತಿ. ಶನಿವಾರ ಕಾಲೇಜು ಮುಗಿಸಿ ನೇರ ಅಲ್ಲಿಗೆ ಬರುತ್ತಿದ್ದಿರಿ. "ಕೂತ್ಕೋ ಚಂದ್ರು, ಕೇಳು" ಎಂದು ನನ್ನ ಅಂಗಡಿಯಲ್ಲಿ ನನ್ನನ್ನೇ ಕೂರಿಸಿ ಆ ಕ್ಯಾಸೆಟ್ ಹಾಕುತ್ತಿದ್ದಿರಿ. ತಾಷ್ಕೆಂಟಿನಲ್ಲಿ ಓದುವಾಗ ಯಾವುದೋ ಹಳ್ಳಿಗೆ ಹೋಗಿ ನೀವೇ ಮುದ್ರಿಸಿಕೊಂಡು ಬಂದ ಧ್ವನಿ ಅದು. ಅಜ್ಜಿ ಅತ್ತೆ, ಅವಳದು ತುರ್ಕಿ ಬಳಗದ ಉಜ್ಬೆಕ್; ಸೊಸೆಯದು ಪಾರಸಿ ಬಳಗದ ತಾಜಿಕ್. ಹಿಟ್ಟು ತಟ್ಟುತ್ತಾ ಒಬ್ಬಳು ಶುರು ಮಾಡಿದ ಮಾತನ್ನು ಇನ್ನೊಬ್ಬಳು ತನ್ನ ಭಾಷೆಯಲ್ಲಿ ಮುಗಿಸುತ್ತಿದ್ದಳು. ನಡುವೆ ಅಜ್ಜಿಯ ನಗು.

'ಉಯ್-ಲಾರ್-ದಾ' ಅಂದರೆ 'ಮನೆ-ಗಳ-ಲ್ಲಿ' ಎಂದು ಬಿಡಿಸಿ ಹೇಳಿದ್ದಿರಿ. ನಮ್ಮ ಹಾಗೆಯೇ ಒಂದರ ಬೆನ್ನಿಗೊಂದು ಕಟ್ಟುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಅಷ್ಟಕ್ಕೇ ಅವರು ನಮ್ಮ ನೆಂಟರಾಗಿಬಿಡುವುದಿಲ್ಲ ಎಂದು ಎಚ್ಚರಿಸಿ, ಗೋವಿಂದರಾಜನಗರದ ನಿಮ್ಮ ವಠಾರದ ಕಡೆ ಕೈ ತೋರಿಸಿದಿರಿ. ಅಲ್ಲಿ ತಮಿಳರ ಮನೆ, ತೆಲುಗರ ಮನೆ, ಉರ್ದು ಮಾತಾಡುವ ದರ್ಜಿಯ ಮನೆ.

"ನೆಂಟಸ್ತನ ಬೇರೆ, ನೆರೆಹೊರೆ ಬೇರೆ ಕಣೋ. ನಡುಗೋಡೆ ಇದ್ರೂ ಪಕ್ಕದ ಮನೆ ಒಗ್ಗರಣೆ ವಾಸನೆ ಬರ್ದೇ ಇರುತ್ತಾ? ಭಾಷೆನೂ ಅಷ್ಟೇ."

ನಾನು ಎಸ್ಸೆಸ್ಸೆಲ್ಸಿ ಓದಿದವನು, ಇದೆಲ್ಲ ನನಗ್ಯಾಕೆ ಅಂದರೆ, "ನಿನ್ನ ಕಿವಿ ಎಂ.ಎ. ಮಾಡಿದೆ ಬಿಡೋ" ಎಂದು ನಗುತ್ತಿದ್ದಿರಿ. ಆ ಮಾತನ್ನು ಎಷ್ಟು ದಿನ ಮೆಲುಕು ಹಾಕಿದೆನೋ.

ಅಜ್ಜಿ ತೀರಿಕೊಂಡ ಕಾಗದ ಬಂದ ಮೇಲೆ ಕ್ಯಾಸೆಟ್ ತಂದು, ಇನ್ನೊಂದು ಪ್ರತಿ ಮಾಡಿಕೊಡು ಅಂದಿರಿ. ಗಣೇಶನ ಹಬ್ಬದ ವಾರ. ಪೆಂಡಾಲಿನ ಹುಡುಗರು ಹಾಡು ತುಂಬಿಸಿಕೊಳ್ಳಲು ಸಾಲುಗಟ್ಟಿದ್ದರು. ಎರಡು ಕ್ಯಾಸೆಟ್ ಹಿಡಿಸುವ ಯಂತ್ರದಲ್ಲಿ ನಿಮ್ಮದನ್ನು ನುಡಿಸುವ ಕಡೆ ಹಾಕುವ ಬದಲು ತುಂಬಿಸಿಕೊಳ್ಳುವ ಕಡೆ ಹಾಕಿದೆ, ಖಾಲಿಯದನ್ನು ನುಡಿಸುವ ಕಡೆ. ಬಟನ್ ಒತ್ತಿದೆ — ಇಳಿಯಲಿಲ್ಲ. ಯಾರೂ ಅಳಿಸಬಾರದೆಂದು ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ನೀವು ಮುರಿದಿದ್ದಿರಿ. ಯಂತ್ರ ಬೇಡ ಎಂದಿತ್ತು. ಹಳೆಯ ಕ್ಯಾಸೆಟ್ಟುಗಳ ಮೇಲೆ ಹೊಸ ಹಾಡು ತುಂಬಿಸಿ ರೂಢಿಯಾಗಿದ್ದ ಕೈ, ನೋಡದೆಯೇ ಆ ತೂತಿಗೆ ಸೆಲ್ಲೋಟೇಪು ಅಂಟಿಸಿ ಮತ್ತೆ ಒತ್ತಿತು.

ಅರ್ಧ ಗಂಟೆಯ ನಂತರ ಹಾಕಿ ಕೇಳಿದರೆ — ಬರೀ ಸುಂಯ್ ಎನ್ನುವ ಸದ್ದು.

ನೀವು ಬಂದಾಗ, "ಬೂಷ್ಟು ಹಿಡಿದಿತ್ತು ಮೇಷ್ಟ್ರೇ, ಎಷ್ಟು ಒರೆಸಿದ್ರೂ ಏನೂ ಉಳೀಲಿಲ್ಲ. ಬೇರೇದಕ್ಕೂ ಹತ್ತುತ್ತೆ ಅಂತ ಎಸೆದ್ಬಿಟ್ಟೆ" ಅಂದೆ. ಬೈಯುತ್ತೀರಿ ಅಂದುಕೊಂಡಿದ್ದೆ. ನೀವು ನನ್ನ ಭುಜ ತಟ್ಟಿದಿರಿ. "ತೇವದ ಗೋಡೆ ಬೀರು, ನಾನೇ ಇಟ್ಟಿದ್ದು ಕಣಯ್ಯ. ನಿಂದೇನು ತಪ್ಪು?" ಅಂದಿರಿ. ಮುಂದಿನ ಶನಿವಾರ ನೀವು ಬರಲಿಲ್ಲ. ಅದರ ಮುಂದಿನ ಶನಿವಾರವೂ.

ಇಷ್ಟೇ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು. ನಿಮಗೆ ಸುಳ್ಳು ಹೇಳಿದ ದಿನವೇ ಸಂಜೆ, ಎಸೆದೆನೆಂದ ಆ ಕ್ಯಾಸೆಟ್ಟನ್ನು ತಿರುಗಿಸಿ ಹಾಕಿದೆ. ಎರಡನೆಯ ಮಗ್ಗುಲು ಹಾಗೆಯೇ ಇತ್ತು — ಅತ್ತೆ, ಸೊಸೆ, ಹಿಟ್ಟಿನ ಸದ್ದು, ಎಲ್ಲ. ಓಡಿಬಂದು ಕೊಡಬಹುದಿತ್ತು. ಆದರೆ ಬೂಷ್ಟು ಒಂದೇ ಮಗ್ಗುಲಿಗೆ ಹಿಡಿಯುವುದಿಲ್ಲ, ಅದು ನಿಮಗೂ ಗೊತ್ತಾಗುತ್ತಿತ್ತು. ನನ್ನ ಸುಳ್ಳು ಉಳಿಯಲಿ ಎಂದು ಅಜ್ಜಿಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ಅಂಗಡಿ ಹೋಯಿತು, ಡಬ್ಬಿ ಉಳಿಯಿತು.

ನಿನ್ನೆ ಹಳೆಯ ಟೇಪ್‌ರೆಕಾರ್ಡರ್ ಹುಡುಕಿ ಹಾಕಿದೆ. ಅಜ್ಜಿ ಇನ್ನೂ ನಗುತ್ತಾಳೆ, ಮೇಷ್ಟ್ರೇ. ಕೇಳಿಸಿಕೊಳ್ಳಲು ನಿಮ್ಮ ಕಿವಿಯೇ ಹೋಗಿದೆ. ಹಿಯರಿಂಗ್ ಏಡೂ ಈಗ ಉಪಯೋಗಕ್ಕೆ ಬರುತ್ತಿಲ್ಲವೆಂದು ಸುಮತಿ ಹೇಳಿದಳು. ಈ ಮೂವತ್ತು ವರ್ಷದಲ್ಲಿ ಬಹುಕಾಲ ನಿಮ್ಮ ಕಿವಿ ಚೆನ್ನಾಗಿಯೇ ಇತ್ತು — ಆಗ ನಾನು...

ನಾಳೆ ಬೆಳಿಗ್ಗೆ ಬರುತ್ತೇನೆ. ಕ್ಯಾಸೆಟ್ ಸುಮತಿಯ ಕೈಗೆ, ಈ ಕಾಗದ ನಿಮ್ಮ ಕೈಗೆ. ಮುನ್ನುಡಿಯ ಆ ಎರಡು ಸಾಲು ಹೊಡೆದುಹಾಕಿದ್ದೇನೆ. ಅಲ್ಲಿ ಏನು ಬರೆಯಬೇಕೋ ನೀವೇ ಬರೆಯಿರಿ. ಓದಿ ಮುಗಿಸುವವರೆಗೂ ಎದುರಿಗೆ ನಿಂತಿರುತ್ತೇನೆ.

ಕೂತ್ಕೋ ಅನ್ನಬೇಡಿ.