ಗಡ್ಡ ತೆಗೆದ ಅಧ್ಯಕ್ಷ

ಕುವೈತಿನ ಖೈತಾನ್ ಪೇಟೆಯ ಬಕಾಲಾದಲ್ಲಿ, ಅಂದರೆ ಸೋಪಿನಿಂದ ಸೊಪ್ಪಿನವರೆಗೆ ಎಲ್ಲವೂ ಸಿಗುವ ಸಣ್ಣ ಅಂಗಡಿಯಲ್ಲಿ, ಗಲ್ಲಾದ ಹಿಂದೆ ಕೂರುವ ಕಾಸಿಂ ಕುಂಞಿ ಅಮೆರಿಕದ ಅಧ್ಯಕ್ಷರಾದದ್ದು ಯಾರ ಓಟಿನಿಂದಲೂ ಅಲ್ಲ, ಬರೀ ಗಡ್ಡದಿಂದ. ಊರಿನ ಹಿರಿಯ ಬ್ಯಾರಿಗಳು ಅನೇಕರು ಇಡುವಂಥದೇ ಗಡ್ಡ. ಮೀಸೆ ಬೋಳಿಸಿ, ಗಲ್ಲದ ಕೆಳಗೆ ಮಾತ್ರ ಬಿಟ್ಟದ್ದು. ಅದರ ಮೇಲೆ ಒಳಗೆ ಹೋದ ಕೆನ್ನೆ, ಬಾಗಿಲಿಗೆ ತಲೆ ತಾಗುವ ಎತ್ತರ.

ಒಂದು ದಿನ ಮುಲ್ಕಿಯ ಸುಕೇಶ್ ಮೊಸರು ತಗೊಳ್ಳಲು ಬಂದವನು ಚಿಲ್ಲರೆ ಮರೆತು ಅವರನ್ನೇ ನೋಡುತ್ತ ನಿಂತ. ಈ ಸುಕೇಶನಿಗೆ ಆಫೀಸಿನಲ್ಲಿ ಕೆಲಸ, ಶುಕ್ರವಾರ ಬಂತೆಂದರೆ ಕ್ಯಾಮೆರಾದ ಹುಚ್ಚು. ಅಲ್ಲಿನ ಒಂದು ಇಂಡಿಯನ್ ಶಾಲೆಯವರು ಚರಿತ್ರೆ ಪಾಠಕ್ಕೆಂದು ಲಿಂಕನ್ನನ ಬದುಕಿನ ಕಿರುಚಿತ್ರಗಳನ್ನು ಮಾಡಿಕೊಡಲು ಅವನಿಗೆ ಹೇಳಿದ್ದರು.

"ಕಾಕಾ, ನಿಮ್ಮನ್ನು ಬಿಟ್ರೆ ಈ ಕುವೈತಲ್ಲಿ ಬೇರೆ ಲಿಂಕನ್ ಇಲ್ಲ ಮಾರಾಯ್ರೆ!"

"ನಂಗೆ ಎಂತ ಹುಚ್ಚಾ? ಮೊಸರಿನ ದುಡ್ಡು ಕೊಟ್ಟು ಹೋಗು" ಎಂದರು ಕಾಕಾ.

ಒಪ್ಪಿಸಿದ್ದು ಮೊಮ್ಮಗಳು ಫಿದಾ. ಮಗ ಸುಹೈಬನ ಮಗಳು, ಅದೇ ಶಾಲೆಯಲ್ಲಿ ಓದುವವಳು. ಇಲ್ಲೊಂದು ಮಾತು ಹೇಳಬೇಕು. ಕಾಸಿಂ ಕುಂಞಿಗೆ ಈ ಪ್ರಪಂಚದಲ್ಲಿ ಒಂದೇ ಒಂದು ಕೊರಗು. ಅವರು ಮನೆಮಾತಾದ ಬ್ಯಾರಿಯಲ್ಲಿ ಏನು ಕೇಳಿದರೂ ಹುಡುಗಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. 'ಊಟ ಆಯ್ತಾ' ಎಂದರೆ 'ಯೆಸ್', 'ಬಾ ಇಲ್ಲಿ' ಎಂದರೆ 'ಲೇಟರ್'. ತನ್ನ ರಕ್ತದ ಮಗು ತನ್ನ ಮಾತಿನಲ್ಲಿ ತನಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ಅವರಿಗೆ ಒಳಗೊಳಗೇ ಸಂಕಟ. ಸೊಸೆ ರಶೀನಾ "ದೊಡ್ಡವಳಾದಾಗ ಮಾತಾಡ್ತಾಳೆ ಮಾವ" ಎನ್ನುತ್ತಿದ್ದಳು. ಅಷ್ಟರವರೆಗೆ ತಾನು ಇರಬೇಕಲ್ಲ!

ಲಿಂಕನ್ ಬಂದ ಮೇಲೆ ಫಿದಾ ತಾನಾಗಿ ಬಂದು ಅಜ್ಜನ ಪಕ್ಕ ಕೂರತೊಡಗಿದಳು. ಇಂಗ್ಲಿಷ್ ಸಾಲುಗಳನ್ನು ಬಾಯಿಪಾಠ ಮಾಡಿಸಿದಳು, ತಪ್ಪಿದರೆ ತೊಡೆಗೆ ಮೆಲ್ಲಗೆ ಹೊಡೆದಳು. ಹೊಡೆಸಿಕೊಳ್ಳಲೆಂದೇ ಅಜ್ಜ ಎಷ್ಟೋ ಸಲ ಬೇಕೆಂದೇ ತಪ್ಪಿದ್ದುಂಟು.

ವಫ್ರಾದ ತೋಟದ ಮರದ ಶೆಡ್ಡು ಲಿಂಕನ್ನನ ಬಾಲ್ಯದ ಮನೆಯಾಯಿತು, ಸುಹೈಬನ ಮದುವೆಯ ಕೋಟು ಅಧ್ಯಕ್ಷರ ಕೋಟಾಯಿತು. ಗುಲಾಮರ ಬಿಡುಗಡೆಯ ಆಜ್ಞೆಗೆ ಸಹಿ ಹಾಕುವ ದೃಶ್ಯದಲ್ಲಿ ಕಾಕಾ ಪೆನ್ನು ಹಿಡಿದು ಪ್ರತಿ ಸಲವೂ 'ಬಿಸ್ಮಿಲ್ಲಾ' ಎಂದೇ ಶುರುಮಾಡುತ್ತಿದ್ದರು. ಸುಕೇಶ್ ತಲೆ ಚಚ್ಚಿಕೊಂಡ. "ಒಳ್ಳೆ ಕೆಲಸಕ್ಕೆ ಕೈ ಹಾಕುವಾಗ ಹೇಳದೆ ಇರ್ಲಿಕ್ಕೆ ಆಗ್ತದಾ?" ಎಂದರು ಕಾಕಾ. ಕೊನೆಗೆ ಸುಕೇಶ್ ಅಷ್ಟು ಹೊತ್ತು ದನಿ ಅಡಗಿಸಿ, ಹಿಂದೆ ಪಿಟೀಲು ಹಾಕಿ ಮುಗಿಸಿದ.

ಮುಂದಿನ ಚಿತ್ರದಲ್ಲಿ ಬಂತು ನೋಡಿ ಗ್ರಹಚಾರ. ಲಿಂಕನ್ ಚುನಾವಣೆಗೆ ನಿಂತಾಗ ಗಡ್ಡವಿರಲಿಲ್ಲವಂತೆ. ಒಬ್ಬಳು ಪುಟ್ಟ ಹುಡುಗಿ, 'ನಿಮ್ಮ ಮುಖ ತೀರ ಸಪೂರ, ಗಡ್ಡ ಬಿಟ್ಟರೆ ಚಂದ' ಎಂದು ಕಾಗದ ಬರೆದಳಂತೆ, ಆತ ಬಿಟ್ಟನಂತೆ. ಅಂಚೆ, ಕಾಗದ ಎಲ್ಲ ತೋರಿಸುವುದು ರಗಳೆಯೆಂದು ಸುಕೇಶ್ ಹುಡುಗಿಯಿಂದ ಎದುರಿಗೇ ಹೇಳಿಸುವುದೆಂದು ತೀರ್ಮಾನಿಸಿದ. ಹುಡುಗಿ ಯಾರು? ಫಿದಾ.

"ಗಡ್ಡ ತೆಗೀಬೇಕಾಗ್ತದೆ ಕಾಕಾ. ಬೇಡ ಅಂದ್ರೆ ಬೇಡ, ಆ ಒಂದು ಸೀನಿಗೆ ನಮ್ಮ ಆಫೀಸಿನ ರಾನ್ಸನ್‌ನನ್ನು ಹಾಕುವ. ಅವನೂ ಉದ್ದ ಇದ್ದಾನೆ."

ಹಜ್ಜಿಗೆ ಹೋಗಿ ಬಂದಾಗಿನಿಂದ ಬಿಟ್ಟ ಗಡ್ಡ. ಆದರೆ ಫಿದಾ ತನ್ನ ಮೊದಲ ಸಾಲನ್ನು ಇನ್ಯಾರದೋ ಮುಖ ನೋಡಿ ಹೇಳುವುದೆಂದರೆ ಅವರಿಗೆ ಸಹಿಸಲಾಗಲಿಲ್ಲ. ಊರಿನಲ್ಲಿದ್ದ ಹೆಂಡತಿ ಹವ್ವಮ್ಮನಿಗೆ ಫೋನು ಮಾಡಿದರು.

"ಗಡ್ಡ ನಿಮ್ಮದು. ನಾಳೆ ಮೇಲಿನವನಿಗೆ ಉತ್ತರ ಹೇಳುವವರೂ ನೀವೇ. ನನ್ನನ್ನು ಯಾಕೆ ಕೇಳ್ತೀರಿ?" ಎಂದು ಹವ್ವಮ್ಮ ಫೋನಿಟ್ಟರು.

ಶುಕ್ರವಾರ ಬೆಳಿಗ್ಗೆ ಕಾಸಿಂ ಕುಂಞಿ ಕ್ಷೌರದಂಗಡಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು. ಎದ್ದು ಕನ್ನಡಿ ನೋಡಿದರೆ, ಅಯ್ಯೋ ದೇವರೇ, ಯಾರಿದು! ಗಲ್ಲ ಬೆಳ್ಳಗೆ, ಬಾಯಿ ಒಳಗೆ ಸರಿದು, ಕಾಯಿಲೆ ಬಿದ್ದೆದ್ದವರ ಹಾಗೆ ಕಾಣುತ್ತಿತ್ತು. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡೇ ಚಿತ್ರೀಕರಣವಿದ್ದ ಶಾಲೆಗೆ ನಡೆದರು. ನಾಚಿಕೆಯಿಂದ ಸತ್ತೇ ಹೋದಂತಾಗಿತ್ತು. ಆದರೂ ಮೊಮ್ಮಗಳ ಎದುರು ನಿಲ್ಲುವುದು ತಾನೇ ಎಂಬ ಖುಷಿ ಒಂದು ಮೂಲೆಯಲ್ಲಿತ್ತು.

ಫಿದಾ ಉದ್ದ ಲಂಗ ತೊಟ್ಟು ತಯಾರಾಗಿ ನಿಂತಿದ್ದಳು. ಗಡ್ಡ ತೆಗೆಯುವ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೆ ಆಶ್ಚರ್ಯ ಸಹಜವಾಗಿ ಬರುತ್ತದೆಂದು ಸುಕೇಶನ ಬುದ್ಧಿವಂತಿಕೆ.

"ಯಲ್ಲಾ, ಶುರು ಮಾಡುವ, ರೋಲಿಂಗ್!" ಎಂದು ಸುಕೇಶ್ ಕೂಗಿದ.

ಕಾಸಿಂ ಕುಂಞಿ ಕರವಸ್ತ್ರ ತೆಗೆದು ತಿರುಗಿದರು. ಫಿದಾ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಹೇಳಬೇಕಾಗಿದ್ದ ಇಂಗ್ಲಿಷ್ ಸಾಲು ಎಲ್ಲಿ ಹೋಯಿತೋ, ತುಟಿ ನಡುಗಿ ಅಳು ಒತ್ತರಿಸಿ ಬಂತು. ಅಳುತ್ತಲೇ ಮನೆಯ ಬ್ಯಾರಿ ಮಾತಿನಲ್ಲಿ ಹೇಳಿದಳು:

"ಅಜ್ಜಾ, ಇದು ಬೇಡ ಅಜ್ಜಾ. ಗಡ್ಡ ಬಿಡಿ. ನನಗೆ ನನ್ನ ಅಜ್ಜ ಬೇಕು."

ಸುಕೇಶನಿಗೆ ಬ್ಯಾರಿ ಬರುವುದಿಲ್ಲ. "ಕಟ್ ಕಟ್! ಫಿದಾ, ಅಳು ಸೂಪರ್. ಡೈಲಾಗ್ ಮಾತ್ರ ಇಂಗ್ಲಿಷಲ್ಲಿ ಹೇಳು ಮಗಾ. ಇನ್ನೊಂದು ಟೇಕ್ ತೆಗೆಯುವ" ಎಂದ.

"ಖಲಾಸ್" ಎಂದರು ಕಾಸಿಂ ಕುಂಞಿ. "ಇನ್ನು ಟೇಕ್ ಇಲ್ಲ ಸುಕೇಶಾ. ಬೇಕಾದ್ರೆ ರಾನ್ಸನ್‌ನನ್ನು ಕರಿ."

ಅವರು ನೆಲದ ಮೇಲೆ ಕೂತು ಹುಡುಗಿಯನ್ನು ಹತ್ತಿರ ಎಳೆದುಕೊಂಡರು. "ಬಿಡ್ತೇನೆ ಮಗಾ. ಇವತ್ತಿನಿಂದಲೇ ಬಿಡ್ತೇನೆ" ಎಂದರು. ಫಿದಾ ಬಿಕ್ಕುತ್ತ ಅವರ ಬೋಳು ಗಲ್ಲವನ್ನು ಎರಡೂ ಕೈಯಿಂದ ಮುಚ್ಚಿ, ಎಷ್ಟು ದಿನ ಬೇಕು, ನಾಳೆಗೆ ಸ್ವಲ್ಪವಾದರೂ ಬರುತ್ತದಾ ಎಂದು ಕೇಳಿದಳು. ಅದನ್ನೂ ಬ್ಯಾರಿಯಲ್ಲೇ ಕೇಳಿದಳು.