ಅನಂತಲಕ್ಷ್ಮಿಯವರ ಯೋಗ ಕ್ಲಾಸಿಗೆ ಬಂದ ಯುದ್ಧ

ಬಸವೇಶ್ವರನಗರದ ಅನಂತಲಕ್ಷ್ಮಿಯವರು ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆಗಿದ್ದವರು. ಬೆನ್ನುನೋವಿಗೆಂದು ಕಲಿತ ಯೋಗವನ್ನು ನಿವೃತ್ತಿಯ ಮೇಲೆ ಬೇರೆಯವರಿಗೂ ಹೇಳಿಕೊಡತೊಡಗಿದರು. ಕೊರೊನಾ ಬಂದು ಮಹಡಿಯ ಕ್ಲಾಸು ನಿಂತಾಗ ಮಗಳು ತನ್ಮಯಿ ಅದನ್ನು ಆನ್‌ಲೈನ್ ಮಾಡಿಕೊಟ್ಟಳು. ಹಾಗೆ ಬಂದು ಸೇರಿದವರಲ್ಲಿ ಇಬ್ಬರು ಬಹಳ ದೂರದವರು. ಒಬ್ಬಳು ಯುಕ್ರೇನಿನ ಖಾರ್ಕಿವ್ ಊರಿನ ಒಲೇನಾ, ಇನ್ನೊಬ್ಬಳು ರಷ್ಯಾದ ಬೆಲ್ಗೊರೊದ್‌ನ ವೀರಾ. ಎರಡು ಊರಿಗೂ ನಡುವೆ ಬೆಂಗಳೂರಿಂದ ತುಮಕೂರಿಗಿರುವಷ್ಟು ದೂರ, ಮತ್ತೆ ಒಂದು ಗಡಿ.

ಕ್ಲಾಸು ಮುಗಿದರೂ ಇಬ್ಬರೂ ಹೋಗುತ್ತಿರಲಿಲ್ಲ, ಇಬ್ಬರಿಗೂ ಬರುವ ರಷ್ಯನ್ ಭಾಷೆಯಲ್ಲಿ ಹರಟುತ್ತಿದ್ದರು. ಒಲೇನಾಳ ಮುದಿ ತಾಯಿ ನೀನಾ ಮಗಳ ಹಿಂದೆ ಕುರ್ಚಿ ಹಾಕಿಕೊಂಡು ಕೂತು ತಾನೂ ಕೈ ಎತ್ತಿ ಇಳಿಸುತ್ತಿದ್ದಳು. ಬಲಗೈ ಎಂದರೆ ಎಡಗೈ ಎತ್ತುವಳು. ವೀರಾ ನಕ್ಕರೆ ಮುದುಕಿ ಬೈಯುತ್ತಿದ್ದಳು. ಏನು ಬೈದಳೆಂದು ತಿಳಿಯದಿದ್ದರೂ ಅನಂತಲಕ್ಷ್ಮಿಯವರಿಗೆ ನಗು ಬರುತ್ತಿತ್ತು.

ಆಮೇಲೆ ಫೆಬ್ರವರಿಯ ಒಂದು ಬೆಳಿಗ್ಗೆ ರಷ್ಯಾದ ಸೈನ್ಯ ಗಡಿ ದಾಟಿತು. ಒಲೇನಾ ಕಾಣದಾದಳು.

ಮನೆಯಲ್ಲಿ ಬೇರೆಯೇ ಯುದ್ಧ. ಬ್ಯಾಂಕಿನಿಂದ ನಿವೃತ್ತರಾದ ಪತಿ ಚಕ್ರಪಾಣಿಯವರ ಜೊತೆ ಸಂಜೆ ಕಾಫಿಗೆ ಬರುತ್ತಿದ್ದವರು ಎದುರು ಮನೆಯ ಬಸವಕುಮಾರ್. ಅವರ ಅಣ್ಣನ ಮಗಳು ವಚನಾ ಖಾರ್ಕಿವ್‌ನಲ್ಲೇ ಮೆಡಿಕಲ್ ಓದುತ್ತಿದ್ದು, ಹೇಗೋ ಜೀವ ಉಳಿಸಿಕೊಂಡು ದಾವಣಗೆರೆಗೆ ಮರಳಿದ್ದಳು.

“ಎಪ್ಪತ್ತೊಂದರ ಬಾಂಗ್ಲಾ ಯುದ್ಧದಲ್ಲಿ ನಮ್ ಜೊತೆ ನಿಂತೋರು ಯಾರ್ರೀ? ಈಗ ನಾವ್ಯಾಕೆ ರಷ್ಯಾನ ಬೈಬೇಕು?” ಎನ್ನುವರು ಚಕ್ರಪಾಣಿ.

“ಸಾರ್, ನಮ್ ಹುಡುಗಿ ಹಾಸ್ಟೆಲ್ ನೆಲಮಾಳಿಗೇಲಿ ಬಿಸ್ಕತ್ ತಿಂದ್ಕೊಂಡು ಕೂತಿದ್ಲು. ಮೇಲೆ ಬಾಂಬ್ ಹಾಕ್ತಿದ್ದೋರು ಯಾರು, ಅದನ್ನ ಹೇಳಿ.”

“ಕೆರಳಿಸಿದೋರು ಯಾರು ಅಂತಾನೂ ನೋಡ್ಬೇಕಲ್ವಾ? ಯುದ್ಧ ಅಂದ್ಮೇಲೆ ಜನ ಸಾಯ್ತಾರೆ.” ಹೆಂಡತಿಯ ಕಡೆ ತಿರುಗಿ, “ಲಕ್ಷ್ಮಿ, ನಿನ್ ಸ್ಟೂಡೆಂಟ್ಸ್ ಏನಂತಾರೆ?”

“ಏನೂ ಅನ್ನಲ್ಲ ರೀ,” ಎಂದು ಅವರು ಲೋಟ ಎತ್ತಿಕೊಂಡು ಒಳಗೆ ಹೋಗುವರು.

ಬೇಸಿಗೆ ಹೊತ್ತಿಗೆ ಒಲೇನಾ ಮತ್ತೆ ಬಂದಳು. ಕಿಟಕಿಯ ಗಾಜು ಒಡೆದು ಮೈಮೇಲೆ ಬೀಳಬಾರದೆಂದು ಮನೆಯೊಳಗಿನ ಇಕ್ಕಟ್ಟಾದ ಕಾರಿಡಾರಿನಲ್ಲಿ ಚಾಪೆ ಹಾಸಿದ್ದಳು. ಮುದುಕಿಯ ಕುರ್ಚಿಯೂ ಅಲ್ಲಿಗೇ ಬಂದಿತ್ತು. ವೀರಾ ಅವಳ ಹೆಸರು ಹಿಡಿದು ಕೂಗಿದಳು. ಒಲೇನಾ ಉತ್ತರ ಕೊಡಲಿಲ್ಲ. ಕ್ಲಾಸಾದ ಮೇಲೆ ಇಂಗ್ಲಿಷಿನಲ್ಲಿ ಮೆಸೇಜು ಬಂತು: “ಮೇಡಂ, ಅವಳಿದ್ದರೆ ನಾನು ಕಣ್ಣು ಮುಚ್ಚಲಾರೆ.”

ಅನಂತಲಕ್ಷ್ಮಿಯವರು ಎರಡು ದಿನ ಯೋಚಿಸಿದರು. ಕೊನೆಗೆ, ಬೆಳಗಿನ ಬ್ಯಾಚಿನಲ್ಲಿ ಜನ ಹೆಚ್ಚಾದರೆಂದು ನೆಪ ಹೇಳಿ, ವೀರಾಳಿಗೆ ಸಂಜೆ ಬರಲು ತಿಳಿಸಿದರು.

“ಒಲೇನಾ ಹೇಳಿದಳಾ?” ಎಂದು ವೀರಾ ಕೇಳಿದಳು. ಇವರು ಸಂಜೆ ಕ್ಲಾಸಿನ ಲಿಂಕ್ ಕಳಿಸಿದರು. ವೀರಾ ಸಂಜೆಗೇ ಬರತೊಡಗಿದಳು. ಮುಂದೆ ಒಂದು ದಿನ ಅವಳೂ ಚಾಪೆಯನ್ನು ಕಿಟಕಿಯಿಂದ ದೂರಕ್ಕೆ ಎಳೆದುಕೊಂಡಳು. ಗಡಿಯಾಚೆಯಿಂದ ಅವಳ ಬೀದಿಯಲ್ಲೇ ಷೆಲ್ ಬಿದ್ದು, ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳ ಕಾಲು ಹೋಗಿತ್ತು.

ಯುದ್ಧ ಮುಗಿಯಲಿಲ್ಲ. ಟೀವಿಯವರು ಬೇರೆ ಯುದ್ಧಗಳಿಗೆ ಹೋದರು. ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಒಲೇನಾ ಬರೆದಳು: “ಅಮ್ಮ ಇಲ್ಲ. ಮನೆಯೂ ಇಲ್ಲ. ನಾನು ಅಂಗಡಿಗೆ ಹೋಗಿದ್ದೆ.”

ಸಂಜೆ ಕಾಫಿಯ ಹೊತ್ತಿಗೆ ಇಬ್ಬರಿಗೂ ಅದನ್ನು ಹೇಳಿದಾಗ ಚಕ್ರಪಾಣಿಯವರು ಟೀವಿ ಆರಿಸಿದರು. “ಕುರ್ಚಿ ಮೇಲೆ ಕೂರ್ತಿದ್ರಲ್ಲ, ಆ ಅಜ್ಜೀನಾ?” ಎಂದರು. ಅವರು ಗಮನಿಸಿದ್ದರೆಂಬುದೇ ಅನಂತಲಕ್ಷ್ಮಿಯವರಿಗೆ ಗೊತ್ತಿರಲಿಲ್ಲ.

“ಪಾಪ. ಆದ್ರೆ ಅಲ್ಲಿ ಮನೆಗಳ ಮಧ್ಯಾನೇ ಸೈನ್ಯದೋರು ಅಡಗಿರ್ತಾರಂತೆ,” ಎಂದರು ಚಕ್ರಪಾಣಿ.

ಬಸವಕುಮಾರ್ ಎದ್ದು ನಿಂತರು. “ಆ ಅಜ್ಜಿ ಹತ್ರ ಏನ್ ಸಾರ್ ಇತ್ತು, ಮಿಸೈಲಾ?” ಆಮೇಲೆ ಅನಂತಲಕ್ಷ್ಮಿಯವರ ಕಡೆ ತಿರುಗಿದರು. “ಆ ರಷ್ಯಾದ ಹೆಂಗಸಿಗೆ ನೀವಿನ್ನೂ ಕ್ಲಾಸ್ ತಗೋತಿದೀರಲ್ಲ ಮೇಡಂ. ನಂಗೆ ಅದೇ ಅರ್ಥ ಆಗಲ್ಲ.”

“ಅವಳ ಬೀದೀಲೂ ಬೀಳ್ತಾ ಇದೆ, ಬಸವಕುಮಾರ್.”

“ಬೀಳ್ಲಿ,” ಎಂದರು ಅವರು. ಚಪ್ಪಲಿ ಮೆಟ್ಟಿಕೊಂಡು ಹೋದವರು ಮತ್ತೆ ಕಾಫಿಗೆ ಬರಲಿಲ್ಲ. ಚಕ್ರಪಾಣಿಯವರಿಗೂ ಕರೆಯಲು ಮನಸ್ಸಾಗಲಿಲ್ಲ. ಆ ರಾತ್ರಿ ಅವರು ಊಟ ಅರ್ಧಕ್ಕೆ ಬಿಟ್ಟರು, ಆದರೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ವೀರಾ ಮೆಸೇಜಿನಲ್ಲಿ ಕೇಳಿದಳು: ಒಲೇನಾಳ ಬೀದಿಯ ಚಿತ್ರ ನೋಡಿದೆ, ನೀನಾ ಹೇಗಿದ್ದಾರೆ? ಬಹಳ ಹೊತ್ತು ಫೋನು ಹಿಡಿದು ಕೂತು ಅನಂತಲಕ್ಷ್ಮಿಯವರು ನಿಜ ಬರೆದರು. ಮರಳಿ ಬಂದದ್ದು ದನಿಯ ಮೆಸೇಜು. ರಷ್ಯನ್ ಮಾತು, ನಡುನಡುವೆ ಅಳು. ಕೆಳಗೆ ಇಂಗ್ಲಿಷಿನಲ್ಲಿ, “ಒಲೇನಾ ನನ್ನ ನಂಬರ್ ಬ್ಲಾಕ್ ಮಾಡಿದ್ದಾಳೆ. ಇದನ್ನು ದಯವಿಟ್ಟು ಅವಳಿಗೆ ಕಳಿಸಿ.”

ಕಳಿಸಲೇ ಎಂದು ಒಲೇನಾಳನ್ನು ಕೇಳಿದರು.

“ಬೇಡ,” ಎಂದು ಬರೆದಳು ಒಲೇನಾ. “ಅವಳ ಮಗ ಸೈನ್ಯದಲ್ಲಿದ್ದಾನೆ. ನಿಮಗೆ ಹೇಳಿದ್ದಾಳಾ?”

ಹೇಳಿರಲಿಲ್ಲ. ಆ ಮಗ ತಾನಾಗಿ ಹೋದನೋ, ಎಳೆದೊಯ್ದರೋ, ಎಲ್ಲಿದ್ದಾನೋ, ಅದನ್ನು ವೀರಾಳಿಂದ ಕೇಳಿ ತಿಳಿಯುವ ಧೈರ್ಯ ಇವರಿಗಾಗಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಬಂದ ಉತ್ತರವನ್ನು ಇಟ್ಟುಕೊಂಡು ಏನು ಮಾಡುವುದು?

ಒಲೇನಾ ಈಗ ಬೇರೆ ಊರಿನಲ್ಲಿ, ಚಿಕ್ಕಮ್ಮನ ಮಗಳ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಕ್ಲಾಸಿಗೆ ಬರುತ್ತಾಳೆ, ಕ್ಯಾಮೆರಾ ಹಾಕುವುದಿಲ್ಲ. ಕಪ್ಪು ಚೌಕದಲ್ಲಿ ಹೆಸರಷ್ಟೇ ಕಾಣುತ್ತದೆ. ಅವಳು ಆಸನ ಮಾಡುತ್ತಿದ್ದಾಳೋ, ಸುಮ್ಮನೆ ಮಲಗಿದ್ದಾಳೋ ತಿಳಿಯುವುದಿಲ್ಲ.

ಸಂಜೆ ವೀರಾ ಬರುತ್ತಾಳೆ. ಒಂದು ದಿನ ಎಲ್ಲರೂ ಹೋಗುವವರೆಗೆ ಕಾದಿದ್ದು ಕೇಳಿದಳು, “ಕಳಿಸಿದಿರಾ?”

“ಕಳಿಸಿದೆ,” ಎಂದರು ಅನಂತಲಕ್ಷ್ಮಿಯವರು.

“ಕೇಳಿದಳಾ?”

“ಕೇಳಿದಳು.”

“ಏನಂದಳು?”

ಏನಾದರೂ ಒಳ್ಳೆಯ ಮಾತು ಹುಟ್ಟಿಸಿ ಹೇಳೋಣವೆಂದು ಬಾಯಿ ತೆರೆದರು. ಆಗಲಿಲ್ಲ. “ಏನೂ ಅನ್ನಲಿಲ್ಲ,” ಎಂದರು. ವೀರಾ ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ, ಚಾಪೆ ಸುತ್ತತೊಡಗಿದಳು.